ಸೆರೆಯ ದಿನಗಳಿಗೆ ಲೆಕ್ಕ ಕೇಳಿದವರು

1938ರ ಹೊತ್ತಿಗೆ ಸಿದ್ದಾಪುರ ತಾಲೂಕಿನ ಕರನಿರಾಕರಣೆಗಾರರಿಗೆ ಜಪ್ತಿಯಾಗಿದ್ದ ಜಮೀನು ಮರಳಿ ಬರತೊಡಗಿತು. ಜೈಲಿನಲ್ಲಿ ಕಳೆದ ತಿಂಗಳುಗಳ ಲೆಕ್ಕವನ್ನು ಮಾತ್ರ ಯಾರೂ ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ.

ತ್ಯಾಗಲಿ, ದೊಡ್ಮನೆ, ಮಾವಿನಗುಂಡಿಗಳಿರುವ ಈ ಅಡಿಕೆ ಸೀಮೆ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜೋಗದ ಆಚೆ ಮೈಸೂರು ಸಂಸ್ಥಾನ, ಈಚೆ ಬ್ರಿಟಿಷರ ಆಡಳಿತ. 1930ರ ದಶಕದ ಆರಂಭದಲ್ಲಿ ಜಗತ್ತಿನಾದ್ಯಂತ ಬೆಲೆ ಕುಸಿದಾಗ ಇಲ್ಲಿನ ತೋಟಿಗರೂ ನೆಲಕಚ್ಚಿದರು. ಕಂದಾಯ ಮಾತ್ರ ಇಳಿಯಲಿಲ್ಲ. ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳ ರೈತರು ಕರ ಕೊಡುವುದಿಲ್ಲ ಎಂದು ಕುಳಿತರು. ಸರ್ಕಾರ ಪಾತ್ರೆ ಪಗಡಿ, ದನಕರು, ಕೊನೆಗೆ ಜಮೀನನ್ನೇ ಜಪ್ತಿ ಮಾಡಿ ಲಿಲಾವು ಹಾಕಿತು. ಲಿಲಾವಿನಲ್ಲಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕುಳಿತರು. 1932ರ ಮಾವಿನಗುಂಡಿಯ ಸತ್ಯಾಗ್ರಹ ಇಂದಿಗೂ ಈ ಭಾಗದವರ ಬಾಯಲ್ಲಿದೆ. ಗಂಡಸರು, ಹೆಂಗಸರೆನ್ನದೆ ಜೈಲು ಸೇರಿದರು.

1937ರಲ್ಲಿ ಮುಂಬಯಿಯಲ್ಲಿ ಬಿ.ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಬಂತು. ಕಂದಾಯ ಖಾತೆ ಮೊರಾರ್ಜಿ ದೇಸಾಯಿಯವರ ಕೈಲಿತ್ತು. ಜಪ್ತಿಯಾದ ಭೂಮಿಯನ್ನು ಮೂಲ ಹಿಡುವಳಿದಾರರಿಗೆ ಮರಳಿಸುವ ಕಾನೂನು ಆ ಕಾಲದ್ದು. ಮೊರಾರ್ಜಿ ಈ ಬರಹದಲ್ಲಿ ಇನ್ನೊಮ್ಮೆ ಬರುತ್ತಾರೆ, ಅಷ್ಟರಲ್ಲಿ ಪ್ರಧಾನಿಯಾಗಿರುತ್ತಾರೆ.

ಭೂಮಿ ಬಂತು, ಸೆರೆಯ ದಿನಗಳಿಗೆ ಏನೂ ಬರಲಿಲ್ಲ. ಸುಗ್ರೀವಾಜ್ಞೆ ಹೊರಡಿಸಿದವರೇ ಬಂಧಿಸಿದವರು; ಕಾಗದದ ಮೇಲೆ ಆ ಸೆರೆಯೆಲ್ಲ ಕಾನೂನುಬದ್ಧವೇ ಆಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದು 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, ಕೇಂದ್ರ ಸರ್ಕಾರ ತಾಮ್ರಪತ್ರ ಕೊಟ್ಟಿತು, ಪಿಂಚಣಿ ಶುರು ಮಾಡಿತು. ಕನಿಷ್ಠ ಆರು ತಿಂಗಳು ಜೈಲಿನಲ್ಲಿದ್ದವರಿಗೆ ಅದು ಲಭ್ಯ, ಹೆಂಗಸರಿಗೆ ಮೂರು ತಿಂಗಳು ಸಾಕು. 1980ರವರೆಗೆ ಆದಾಯದ ಮಿತಿಯೂ ಇತ್ತು. ಅಂದರೆ ಸರ್ಕಾರ ಅದನ್ನು ಮೊದಲು ಬಡವರಿಗೆ ಕೊಡುವ ನೆರವು ಎಂದು ನೋಡಿತು, ಆಮೇಲೆ ಗೌರವ ಎಂದಿತು. ತೀರಿಸಬೇಕಾದ ಬಾಕಿ ಎಂದು ಎಂದೂ ಬರೆದುಕೊಳ್ಳಲಿಲ್ಲ.

ಸರ್ಕಾರದ ಮೇಲೆ ನಷ್ಟಭರ್ತಿಯ ದಾವೆ ಹೂಡುವುದು ಅಷ್ಟೇನೂ ಹೊಸ ಸಂಗತಿಯಲ್ಲ. 1861ರಲ್ಲೇ ಕಲ್ಕತ್ತೆಯಲ್ಲಿ ಒಂದು ಹಡಗು ಕಂಪನಿ ಅದನ್ನು ಮಾಡಿತ್ತು. ಖಿದಿರ್‌ಪುರದ ಸರ್ಕಾರಿ ಹಡಗುಕಟ್ಟೆಯ ಕೂಲಿಗಳು ಹೊತ್ತಿದ್ದ ಕಬ್ಬಿಣ ರಸ್ತೆಗೆ ಬಿದ್ದು, ಕಂಪನಿಯ ಗಾಡಿಯ ಕುದುರೆ ಬೆದರಿ ಗಾಯಗೊಂಡಿತು. ಕೇಳಿದ್ದು 350 ರೂಪಾಯಿ. ಮುಖ್ಯ ನ್ಯಾಯಮೂರ್ತಿ ಬಾರ್ನ್ಸ್ ಪೀಕಾಕ್ ಕಂಪನಿಯ ಪರ ತೀರ್ಪಿತ್ತರು, ಜೊತೆಗೇ ಒಂದು ಗೆರೆಯನ್ನೂ ಎಳೆದರು: ವ್ಯಾಪಾರಿಯಂತೆ ಮಾಡಿದ ಕೆಲಸಕ್ಕೆ ಸರ್ಕಾರ ಹೊಣೆ, ಅರಸನಂತೆ ಮಾಡಿದ್ದಕ್ಕೆ ಅಲ್ಲ. ಕುದುರೆಯ ಕಾಲಿಗೆ ಪರಿಹಾರ ಸಿಕ್ಕ ಅದೇ ತೀರ್ಪು ಮುಂದೆ ನೂರು ವರ್ಷ ಮನುಷ್ಯರ ಸೆರೆಗೆ ಅಡ್ಡ ಬಂತು. ಬಂಧಿಸುವುದು ಅರಸನ ಕೆಲಸವಲ್ಲವೇ.

ಸಂವಿಧಾನದ 300ನೇ ವಿಧಿ ಈ ಹಳೆಯ ಗೆರೆಯನ್ನು ಹಾಗೇ ಉಳಿಸಿಕೊಂಡಿತು. 1956ರಲ್ಲಿ ಕಾನೂನು ಆಯೋಗ ತನ್ನ ಮೊದಲ ವರದಿಯಲ್ಲೇ ಇದನ್ನು ಅಳಿಸಿ ಸ್ಪಷ್ಟ ಕಾಯ್ದೆ ಮಾಡಿ ಎಂದಿತು. 1965ರಲ್ಲೂ 1967ರಲ್ಲೂ ಮಸೂದೆ ಬಂತು, ಬಿದ್ದುಹೋಯಿತು. ಆ ಕಾಯ್ದೆ ಇವತ್ತಿಗೂ ಹುಟ್ಟಿಲ್ಲ.

ಆಮೇಲೆ ಬೆಂಗಳೂರಿನ ಸರದಿ. 1975ರ ಜೂನ್ 26ರಂದು, ತುರ್ತುಪರಿಸ್ಥಿತಿ ಜಾರಿಯಾದಾಗ, ಸಂಸದೀಯ ಸಮಿತಿಯೊಂದರ ಸಭೆಗೆಂದು ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮತ್ತು ಎಸ್.ಎನ್. ಮಿಶ್ರಾ ಅವರನ್ನು ಬೆಂಗಳೂರಿನಲ್ಲೇ ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಲಾಯಿತು. ಕಾರಣ ಹೇಳದೆ ಹಿಡಿದಿಟ್ಟಿದ್ದಾರೆಂದು ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಹೈಕೋರ್ಟು ಅರ್ಜಿಯನ್ನು ಕೇಳಲು ಒಪ್ಪಿತು. ದೇಶದ ಹಲವು ಹೈಕೋರ್ಟುಗಳು ಹಾಗೇ ಮಾಡಿದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಆ ಹೈಕೋರ್ಟುಗಳ ಆದೇಶಗಳನ್ನೆಲ್ಲ ಒಂದೇ ಏಟಿಗೆ ತಳ್ಳಿಹಾಕಿತು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಕರ್ನಾಟಕದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅವರಿಗೆ ಅಲಹಾಬಾದಿಗೂ ಎಂ. ಸದಾನಂದಸ್ವಾಮಿ ಅವರಿಗೆ ಗುವಾಹಟಿಗೂ ವರ್ಗವಾಯಿತು.

ನಟಿ, ರಂಗಕರ್ಮಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಹಿಡಿದು ಅದೇ ಜೈಲಿನಲ್ಲಿಟ್ಟರು. ಅಸ್ತಮಾದಿಂದ ನರಳುತ್ತಿದ್ದವರನ್ನು 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 20ರಂದು ತೀರಿಕೊಂಡರು. ತುರ್ತುಪರಿಸ್ಥಿತಿಯಲ್ಲಿ ಸೆರೆ ಕಂಡ ಕರ್ನಾಟಕದವರಲ್ಲಿ ದೊಡ್ಮನೆಯ ರಾಮಕೃಷ್ಣ ಹೆಗಡೆಯವರೂ ಇದ್ದರು. ಹಿಂದೊಮ್ಮೆ ಕರನಿರಾಕರಣೆಗೆ ಜೈಲು ತುಂಬಿಸಿದ್ದ ಸಿದ್ದಾಪುರ ತಾಲೂಕಿಗೆ ಹೀಗೆ ಸ್ವತಂತ್ರ ಭಾರತದಲ್ಲೂ ಜೈಲಿನ ನೆಂಟಸ್ತಿಕೆ ಮುಂದುವರಿಯಿತು.

1977ರಲ್ಲಿ ಜೈಲಿನಿಂದ ಬಂದವರೇ ಗದ್ದುಗೆಯೇರಿದರು. ಹತ್ತೊಂಬತ್ತು ತಿಂಗಳು ಬಂಧನದಲ್ಲಿದ್ದ ಮೊರಾರ್ಜಿ ಪ್ರಧಾನಿಯಾದರು, ಬೆಂಗಳೂರು ಜೈಲಿನ ವಾಜಪೇಯಿ ವಿದೇಶಾಂಗ ಸಚಿವರಾದರು, ದಂಡವತೆ ರೈಲ್ವೆ ಹಿಡಿದರು, ಆಡ್ವಾಣಿ ವಾರ್ತಾ ಇಲಾಖೆ. ಇನ್ನು ಯಾವ ತುರ್ತುಪರಿಸ್ಥಿತಿಯಲ್ಲೂ ಬದುಕುವ ಹಕ್ಕನ್ನು ಅಮಾನತಿನಲ್ಲಿಡಲಾಗದು ಎಂದು ಈ ಸರ್ಕಾರ 44ನೇ ತಿದ್ದುಪಡಿ ತಂದಿತು. ಅದು ದೊಡ್ಡ ಕೆಲಸವೇ. ಆದರೆ ಇದೇ ಸರ್ಕಾರ 1979ರ ಏಪ್ರಿಲ್ 10ರಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿತು. ಕಾನೂನುಬಾಹಿರವಾಗಿ ಬಂಧಿತರಾದವರಿಗೆ ಪರಿಹಾರ ಪಡೆಯುವ ಹಕ್ಕಿದೆ ಎನ್ನುತ್ತದೆ ಅದರ 9ನೇ ವಿಧಿಯ 5ನೇ ಉಪವಿಧಿ. ಭಾರತ ಸೇರುವಾಗಲೇ ಒಂದು ಟಿಪ್ಪಣಿ ಲಗತ್ತಿಸಿತು: ನಮ್ಮ ಕಾನೂನು ವ್ಯವಸ್ಥೆಯಲ್ಲಿ ಅಂಥ ಹಕ್ಕು ಇಲ್ಲ.

ಸಿದ್ದಾಪುರದವರ ಜಮೀನು ಮರಳಿದ ಕಾಲದಲ್ಲಿ ಕಂದಾಯ ನೋಡುತ್ತಿದ್ದವರೇ ಆ ಸರ್ಕಾರದ ಮುಖ್ಯಸ್ಥರು. ಬೆಂಗಳೂರು ಜೈಲಿನಿಂದ ಹೈಕೋರ್ಟಿಗೆ ಅರ್ಜಿ ಹಾಕಿದವರೇ ವಿದೇಶಾಂಗ ಸಚಿವರು. ಕುರ್ಚಿಯಲ್ಲಿ ಕೂತವರಿಗೆ ಕಟಕಟೆ ಬೇರೆಯದೇ ಕೋನದಿಂದ ಕಾಣುತ್ತದೆಯೋ ಏನೋ. ಇದನ್ನು ದ್ರೋಹ ಎನ್ನುವುದು ಅತಿಯಾದೀತು. ಇಲಾಖೆಯ ಕಾನೂನು ಸಲಹೆಗಾರರು ಬರೆದಿಟ್ಟ ವಾಕ್ಯಕ್ಕೆ ಮಂತ್ರಿಗಳು ತಲೆಯಾಡಿಸಿರಲೂಬಹುದು. ಆದರೂ ಟಿಪ್ಪಣಿ ಅಲ್ಲೇ ಇದೆ. ತುರ್ತುಪರಿಸ್ಥಿತಿಯ ಕೈದಿಗಳಿಗೆ ಆಮೇಲೆ ಸಿಕ್ಕಿದ್ದೂ ಹಳೆಯ ಜಾಡಿನದೇ: 2008ರಲ್ಲಿ ಮಧ್ಯಪ್ರದೇಶ ಜಯಪ್ರಕಾಶ ನಾರಾಯಣರ ಹೆಸರಿನಲ್ಲಿ ಗೌರವಧನ ಕೊಡತೊಡಗಿತು.

ಬಾಗಿಲು ತೆರೆದದ್ದು ಕೋರ್ಟುಗಳ ಕಡೆಯಿಂದ, ಅದೂ ಸಂದಿಯಷ್ಟು. ಒಂದು ತಳ್ಳು ಕರ್ನಾಟಕದ್ದೇ. ಬಸವ್ವ ಎಂಬ ಮಹಿಳೆಯ ಮನೆಯಿಂದ ಕಳವಾದ ಒಡವೆಗಳನ್ನು ಪೊಲೀಸರು ಪತ್ತೆ ಮಾಡಿ, ಪೆಟ್ಟಿಗೆಯಲ್ಲಿಟ್ಟು ಠಾಣೆಯಲ್ಲಿ ಇರಿಸಿದ್ದರು. ಕೇಸು ಮುಗಿದ ಮೇಲೆ ಪೆಟ್ಟಿಗೆ ತೆರೆದರೆ ಒಳಗೆ ಕಾಗದದಲ್ಲಿ ಸುತ್ತಿದ ಕಲ್ಲುಗಳು! ಹಿಂದೆ ಮೀರತ್ತಿನಲ್ಲಿ ಇಂಥದೇ ಆಗಿತ್ತು: ಪೊಲೀಸರು ವಶಪಡಿಸಿಕೊಂಡ ವ್ಯಾಪಾರಿಯ ಚಿನ್ನದೊಂದಿಗೆ ಹೆಡ್ ಕಾನ್‌ಸ್ಟೇಬಲ್ಲೇ ಪಾಕಿಸ್ತಾನಕ್ಕೆ ಓಡಿದ್ದ, ಬಂಧನ ಮತ್ತು ಜಪ್ತಿ ಅರಸನ ಕೆಲಸ ಎಂದು ಸುಪ್ರೀಂ ಕೋರ್ಟು ಪರಿಹಾರ ನಿರಾಕರಿಸಿತ್ತು. ಬಸವ್ವನ ವಿಷಯದಲ್ಲಿ 1977ರಲ್ಲಿ ಅದೇ ಕೋರ್ಟು, ಬೇರೆ ಹಾದಿ ಹಿಡಿದು, ಒಡವೆಯ ಬೆಲೆ ಕೊಡಿ ಎಂದು ರಾಜ್ಯ ಸರ್ಕಾರಕ್ಕೆ ಹೇಳಿತು. ಸುಮಾರು 10,000 ರೂಪಾಯಿ.

ಒಡವೆಯಿಂದ ಮನುಷ್ಯನಿಗೆ ಬರಲು ಮತ್ತೆ ಆರು ವರ್ಷ ಬೇಕಾಯಿತು. ಬಿಹಾರದ ರುದುಲ್ ಸಾಹ್ 1968ರ ಜೂನ್‌ನಲ್ಲಿ ಖುಲಾಸೆಯಾದವರು ಜೈಲಿನಿಂದ ಹೊರಬಂದದ್ದು 1982ರ ಅಕ್ಟೋಬರ್‌ನಲ್ಲಿ. 1983ರಲ್ಲಿ ಸುಪ್ರೀಂ ಕೋರ್ಟು ಅವರಿಗೆ, ಆಗಲೇ ಕೊಟ್ಟಿದ್ದ 5,000ದ ಜೊತೆಗೆ, 30,000 ರೂಪಾಯಿ ಕೊಡಿಸಿತು. ಹದಿನಾಲ್ಕು ವರ್ಷಕ್ಕೆ ಮೂವತ್ತೈದು ಸಾವಿರ. ಅದು ಮಧ್ಯಂತರ ಮೊತ್ತ, ಉಳಿದದ್ದಕ್ಕೆ ದಾವೆ ಹೂಡಿಕೊಳ್ಳಬಹುದು ಎಂದೂ ಸೇರಿಸಿತು. 1985ರಲ್ಲಿ, ವಿಧಾನಸಭೆಗೆ ಹೋಗದಂತೆ ಪೊಲೀಸರು ಹಿಡಿದಿಟ್ಟಿದ್ದ ಜಮ್ಮುವಿನ ಶಾಸಕ ಭೀಮ್ ಸಿಂಗ್ ಅವರಿಗೆ 50,000. ಶಾಸಕನ ಕೆಲವು ದಿನ, ಬಡವನ ಹದಿನಾಲ್ಕು ವರ್ಷಕ್ಕಿಂತ ದುಬಾರಿಯಾಯಿತು. ಪೊಲೀಸ್ ವಶದಲ್ಲಿನ ಹಿಂಸೆಯ ಕುರಿತ ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಂತೂ 1979ರ ಆ ಟಿಪ್ಪಣಿಗೆ ಈಗ ಅರ್ಥವಿಲ್ಲ ಎಂದೇ ಕೋರ್ಟು ಹೇಳಿತು. ಸರ್ಕಾರ ಅದನ್ನು ಹಿಂತೆಗೆದುಕೊಳ್ಳಲಿಲ್ಲ.

ಹೀಗೆ ಇಲ್ಲಿ ಪರಿಹಾರವೆಂಬುದು ಕೋರ್ಟು ಮನಸ್ಸು ಮಾಡಿದರೆ ಸಿಗುವ ಸಂಗತಿಯಾಗಿದ್ದಾಗ, ಮಲೆನಾಡಿನವರೊಬ್ಬರು ಪರದೇಶದ ಸರ್ಕಾರವೊಂದನ್ನು ಲೆಕ್ಕಕ್ಕೆ ಎಳೆದರು.

ಮೊಹಮ್ಮದ್ ಹನೀಫ್ ಹುಟ್ಟಿದ್ದು 1979ರಲ್ಲಿ ಮೂಡಿಗೆರೆಯಲ್ಲಿ, ಮೇಷ್ಟರ ಮನೆಯಲ್ಲಿ. ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನ ಲಿವರ್‌ಪೂಲ್ ಕಡೆ ದುಡಿದು, 2006ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆ ಸೇರಿದರು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ ಬೆಂಗಳೂರಿನ ಎಂಜಿನಿಯರ್ ಕಫೀಲ್ ಅಹ್ಮದ್ ಇವರ ದೂರದ ಸೋದರ ಸಂಬಂಧಿ. ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಬಿಟ್ಟು ಬಂದಿದ್ದರು. ಆಗತಾನೇ ಹುಟ್ಟಿದ್ದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಕೈಯಲ್ಲಿದ್ದದ್ದು ಹೋಗುವ ಟಿಕೆಟ್ ಮಾತ್ರ, ಮರಳುವ ಟಿಕೆಟ್ ಇರಲಿಲ್ಲ. ಅದೂ ಅನುಮಾನಕ್ಕೆ ಒಂದು ಕಾರಣವಾಯಿತು. ಮೂಡಿಗೆರೆಯನ್ನು ನಾಡಿಗೆಲ್ಲ ಪರಿಚಯಿಸಿದ್ದ ಸಾಹಿತಿ ತೇಜಸ್ವಿ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಈಗ ಊರಿನ ಹೆಸರು ಬೇರೆಯದೇ ಕಾರಣಕ್ಕೆ ಪತ್ರಿಕೆಗಳಿಗೆ ಬಂತು.

ಹೊಸ ಭಯೋತ್ಪಾದನಾ ನಿಗ್ರಹ ಕಾನೂನಿನಡಿ ಆರೋಪ ಹೊರಿಸದೆ ಅವರನ್ನು ಹನ್ನೆರಡು ದಿನ ಇಟ್ಟುಕೊಂಡರು. ಜುಲೈ 14ರಂದು, ಸಿಮ್ ಕೊಟ್ಟು ಭಯೋತ್ಪಾದಕ ಸಂಘಟನೆಗೆ ನೆರವಾದರೆಂದು ಆರೋಪ ಹೊರಿಸಿದರು. ಉರಿದ ಜೀಪಿನಲ್ಲೇ ಆ ಸಿಮ್ ಸಿಕ್ಕಿತು ಎಂದು ಸರ್ಕಾರಿ ವಕೀಲರು ಕೋರ್ಟಿಗೆ ಹೇಳಿದರು. ಅದು ಸುಳ್ಳೆಂದು ಕೆಲವೇ ದಿನಗಳಲ್ಲಿ ಅಲ್ಲಿನ ಎಬಿಸಿ ವಾಹಿನಿ ಬಯಲು ಮಾಡಿತು. ಸಿಮ್ ಇದ್ದದ್ದು ಜೀಪಿನಿಂದ ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ.

16ರಂದು ಮ್ಯಾಜಿಸ್ಟ್ರೇಟ್ ಜಾಕಿ ಪೇನ್ 10,000 ಡಾಲರಿನ ಮೇಲೆ ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆ್ಯಂಡ್ರ್ಯೂಸ್, ನಡತೆ ಸರಿಯಿಲ್ಲವೆಂಬ ಕಲಮಿನಡಿ ಹನೀಫರ ವೀಸಾ ರದ್ದು ಮಾಡಿದರು. ವೀಸಾ ಇಲ್ಲದವರನ್ನು ಹಿಡಿದಿಡಲೇಬೇಕು ಎನ್ನುತ್ತದೆ ಆಸ್ಟ್ರೇಲಿಯಾದ 1958ರ ವಲಸೆ ಕಾಯ್ದೆ. ಒಂದು ಕೈ ಬಿಟ್ಟದ್ದನ್ನು ಇನ್ನೊಂದು ಕೈ ಹಿಡಿದಂತೆ. ಜಾಮೀನು ಕಟ್ಟಿ ಹೊರಬಂದರೆ ಸಿಡ್ನಿಯ ವಿಲವುಡ್ ವಲಸೆ ಬಂಧನ ಕೇಂದ್ರ, ಕಟ್ಟದಿದ್ದರೆ ಬ್ರಿಸ್ಬೇನಿನ ಜೈಲು. ವಕೀಲರಿಗೆ ಹತ್ತಿರವಿರಲೆಂದು ಹನೀಫ್ ಜೈಲನ್ನೇ ಆರಿಸಿಕೊಂಡರು. ಅವರ ಪರ ವಕೀಲ ಪೀಟರ್ ರುಸ್ಸೊ. ಬ್ಯಾರಿಸ್ಟರ್ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ 142 ಪುಟದ ದಾಖಲೆಯನ್ನು ಪತ್ರಿಕೆಗೆ ಕೊಟ್ಟು, ನಾನೇ ಕೊಟ್ಟೆ ಎಂದು ಒಪ್ಪಿಕೊಂಡರು. ಅದನ್ನು ಓದಿದವರಿಗೆ ಕೇಸು ಎಷ್ಟು ಟೊಳ್ಳೆಂದು ತಾನಾಗಿ ಗೊತ್ತಾಯಿತು.

ಜುಲೈ 27ರಂದು ಆರೋಪ ಕೈಬಿಟ್ಟರು. 29ರಂದು ಹನೀಫ್ ಬೆಂಗಳೂರಿಗೆ ಬಂದಿಳಿದರು. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರಿ ಕೆಲಸ ಕೊಡುವುದಾಗಿ ಹೇಳಿದರು. ಇಲ್ಲಿನ ಜಾಡು ಅದೇ: ನೊಂದವನಿಗೆ ಹಾರ, ಜೊತೆಗೊಂದು ಕೊಡುಗೆ. ಹನೀಫ್ ಅಲ್ಲಿಗೆ ನಿಲ್ಲಲಿಲ್ಲ. ಆಗಸ್ಟ್ 21ರಂದು ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್, ನೆಂಟನೆಂಬ ಮಾತ್ರಕ್ಕೆ ಅಪರಾಧಿಯ ಒಡನಾಡಿ ಎನ್ನಲಾಗದು, ಸಚಿವರು ಕಾನೂನನ್ನು ತಪ್ಪಾಗಿ ಓದಿದ್ದಾರೆ ಎಂದು ವೀಸಾ ರದ್ದತಿಯನ್ನೇ ರದ್ದು ಮಾಡಿದರು. ಡಿಸೆಂಬರ್‌ನಲ್ಲಿ ಪೂರ್ಣ ಪೀಠವೂ ಎತ್ತಿಹಿಡಿಯಿತು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ತನಿಖೆ ನಡೆಸಿ 2008ರ ಕೊನೆಗೆ, ಹನೀಫರಿಗೂ ಭಯೋತ್ಪಾದನೆಗೂ ನಂಟಿದೆಯೆಂಬುದಕ್ಕೆ ಸಾಕ್ಷ್ಯವೇ ಇರಲಿಲ್ಲ ಎಂದು ವರದಿ ಕೊಟ್ಟರು. ಹನೀಫರ ವಿರುದ್ಧದ ತನಿಖೆಗೆ ಅಲ್ಲಿನ ಪೊಲೀಸರು ಸುರಿದ ಹಣ 80 ಲಕ್ಷ ಡಾಲರಿಗೂ ಮೇಲು.

ಆಮೇಲೆ ದುಡ್ಡಿನ ಮಾತು. ಕಳೆದುಕೊಂಡ ಸಂಬಳ, ಹೆಸರಿಗೆ ಬಿದ್ದ ಪೆಟ್ಟು, ಅಕ್ರಮ ಬಂಧನ ಎಲ್ಲವನ್ನೂ ಸೇರಿಸಿ ಹನೀಫ್ ನಷ್ಟಭರ್ತಿ ಕೇಳಿದರು. ಆ್ಯಂಡ್ರ್ಯೂಸ್ ವಿರುದ್ಧ ಮಾನಹಾನಿಯ ವಿಷಯವೂ ಅದರಲ್ಲಿತ್ತು. 2010ರ ಡಿಸೆಂಬರ್‌ನಲ್ಲಿ ಬ್ರಿಸ್ಬೇನಿನಲ್ಲಿ ಸಂಧಾನ ನಡೆದು ರಾಜಿಯಾಯಿತು. ಮೊತ್ತ ದೊಡ್ಡದೆಂದು ವಕೀಲರು ಹೇಳಿದರು, ಎಷ್ಟೆಂದು ಹೇಳದಿರುವುದು ರಾಜಿಯದೇ ಒಂದು ಷರತ್ತು.

ಅಲ್ಲಿ ಇದು ಸಲೀಸಾದ ದಾರಿ ಎಂದು ತಿಳಿಯಬಾರದು. 2005ರಲ್ಲೇ ಆಸ್ಟ್ರೇಲಿಯಾದ ಹೈಕೋರ್ಟು ಇಂಥ ಇನ್ನೊಬ್ಬರನ್ನು ಬರಿಗೈಲಿ ಕಳಿಸಿತ್ತು. ಬ್ರಿಟನ್ನಿನಿಂದ ಚಿಕ್ಕಂದಿನಲ್ಲೇ ಬಂದು ನೆಲೆಸಿದ್ದ ವ್ಯಕ್ತಿಯ ವೀಸಾವನ್ನು ಎರಡು ಸಲ ತಪ್ಪಾಗಿ ರದ್ದು ಮಾಡಿ ಒಟ್ಟು 316 ದಿನ ಹಿಡಿದಿಟ್ಟಿದ್ದರು. ಕೆಳಗಿನ ಕೋರ್ಟು 1,16,000 ಡಾಲರ್ ಕೊಡಿಸಿತ್ತು. ವೀಸಾ ರದ್ದತಿ ತಪ್ಪಾದರೂ, ಹಿಡಿದ ಅಧಿಕಾರಿಗೆ ಅನುಮಾನಕ್ಕೆ ತಕ್ಕ ಕಾರಣವಿತ್ತು, ಆದ್ದರಿಂದ ಬಂಧನ ಸಕ್ರಮ ಎಂದಿತು ಹೈಕೋರ್ಟು. ಅದೇ ಹೊತ್ತಿಗೆ, ಮಾನಸಿಕ ಅಸ್ವಸ್ಥತೆಯಿಂದ ತನ್ನ ಗುರುತನ್ನೇ ಸರಿಯಾಗಿ ಹೇಳಲಾಗದ ಖಾಯಂ ನಿವಾಸಿ ಮಹಿಳೆಯೊಬ್ಬರನ್ನು ಅಕ್ರಮ ವಲಸಿಗಳೆಂದು ಹತ್ತು ತಿಂಗಳು ಇಟ್ಟುಕೊಂಡಿದ್ದ ಸಂಗತಿ ಹೊರಬಿತ್ತು. ಆಕೆಗೆ 2008ರಲ್ಲಿ 26 ಲಕ್ಷ ಡಾಲರ್ ಕೊಟ್ಟು ಸರ್ಕಾರ ಕೈತೊಳೆದುಕೊಂಡಿತು. ಇಂಗ್ಲೆಂಡಿನಲ್ಲಿ ಈ ಬಗೆಯ ಬಂಧನಕ್ಕೆ ಮಿತಿ ಹಾಕಿದ ತೀರ್ಪು ಭಾರತೀಯನೊಬ್ಬನ ಹೆಸರಲ್ಲೇ ಇದೆ: ಡರ್ಹಂ ಜೈಲಿನಲ್ಲಿದ್ದ ಹರ್ದಿಯಾಲ್ ಸಿಂಗ್ ಪ್ರಕರಣದಲ್ಲಿ, ಗಡೀಪಾರಿಗೆ ನ್ಯಾಯವಾಗಿ ಬೇಕಾದಷ್ಟು ಕಾಲ ಮಾತ್ರ ಹಿಡಿದಿಡಬಹುದೆಂದು ನ್ಯಾಯಮೂರ್ತಿ ವುಲ್ಫ್ 1983ರಲ್ಲಿ ಬರೆದರು.

ಹನೀಫರನ್ನು ಹಾರ ಹಾಕಿ ಸ್ವಾಗತಿಸಿದ ಬೆಂಗಳೂರಿನಲ್ಲೇ ಈಗ ಪರದೇಶಿಗಳನ್ನು ಹಿಡಿದಿಡುವ ವ್ಯವಸ್ಥೆಯಿದೆ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡವೊಂದು ಗೋಡೆ, ಕಾವಲು ಗೋಪುರ ಪಡೆದು ವಿದೇಶಿಯರ ಬಂಧನ ಕೇಂದ್ರವಾಯಿತು. 2022ರ ಜುಲೈನಲ್ಲಿ ಬಾಂಗ್ಲಾದೇಶಿಗಳೆಂಬ ಶಂಕೆಯ ಮೇಲೆ ಬೆಂಗಳೂರು ಪೊಲೀಸರು ಕೂಲಿ ದಂಪತಿಯನ್ನು ಪುಟ್ಟ ಮಗುವಿನೊಂದಿಗೆ ಹಿಡಿದರು. ಅವರು ಪಶ್ಚಿಮ ಬಂಗಾಳದ ಬರ್ಧಮಾನ್ ಕಡೆಯವರು. ಜಾಮೀನಿನ ಮೇಲೆ ಹೊರಬಂದದ್ದು 301 ದಿನಗಳ ನಂತರ.

ಇಂಥವರು ನಷ್ಟಭರ್ತಿ ಕೇಳಬೇಕೆಂದರೆ? ಕಾಗದದಲ್ಲಿ ದಾರಿಯಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80ರಂತೆ ಸರ್ಕಾರಕ್ಕೆ ಎರಡು ತಿಂಗಳ ನೋಟಿಸು ಕೊಡಬೇಕು. ಕಾಲಮಿತಿ ಕಾಯ್ದೆಯ ಪ್ರಕಾರ, ಸೆರೆ ಮುಗಿದ ದಿನದಿಂದ ಒಂದು ವರ್ಷದೊಳಗೆ ದಾವೆ ಬೀಳಬೇಕು. ಆಸ್ತಿಯ ಒತ್ತುವರಿಗೆ ಹನ್ನೆರಡು ವರ್ಷ ಕೊಡುವ ಕಾಯ್ದೆ ಮೈಯ ಸೆರೆಗೆ ಕೊಟ್ಟಿದ್ದು ಅಷ್ಟೇ. ಎದುರಿಗೆ 1946ರ ವಿದೇಶಿಯರ ಕಾಯ್ದೆ ನಿಂತಿತ್ತು. ಅದರ 9ನೇ ಕಲಮಿನಂತೆ ತಾನು ವಿದೇಶಿಯಲ್ಲವೆಂದು ತೋರಿಸುವ ಹೊರೆ ಹಿಡಿಯಲ್ಪಟ್ಟವನದೇ ಆಗಿತ್ತು. 15ನೇ ಕಲಮಿನಂತೆ, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಅಧಿಕಾರಿಯ ಮೇಲೆ ದಾವೆಯಿರಲಿಲ್ಲ. ಕೊಲೆ ಆರೋಪಿಯ ಅಪರಾಧವನ್ನು ಪೊಲೀಸರು ರುಜುವಾತು ಮಾಡಬೇಕು. ಕೂಲಿಯವನು ತನ್ನ ದೇಶವನ್ನು ತಾನೇ ರುಜುವಾತು ಮಾಡಿಕೊಳ್ಳಬೇಕು. ಆ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿದೆ. ಹೊರೆ ಹೊರುವವನು ಬದಲಾಗಿಲ್ಲ.

ದಾವೆಗಿಂತ ರಿಟ್ ಅರ್ಜಿಯೇ ಹತ್ತಿರದ ದಾರಿ ಎಂದು ವಕೀಲರು ಹೇಳುವುದು ಇದಕ್ಕೇ. 2022ರ ಜೂನ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠದಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್, ಕಾರಣವಿಲ್ಲದೆ ಕೈಕೋಳ ತೊಡಿಸಿಕೊಂಡು ಬೀದಿಯಲ್ಲಿ ನಡೆಯಬೇಕಾಗಿ ಬಂದ ಕಾನೂನು ವಿದ್ಯಾರ್ಥಿಯೊಬ್ಬನಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿದರು. ಬೇಕಿದ್ದರೆ ಸರ್ಕಾರ ಅದನ್ನು ತಪ್ಪು ಮಾಡಿದ ಅಧಿಕಾರಿಯಿಂದ ವಸೂಲು ಮಾಡಿಕೊಳ್ಳಲಿ ಎಂದರು, ಬಂಧಿಸುವ ಪೊಲೀಸರಿಗೆ ಮೈಮೇಲೆ ಕ್ಯಾಮೆರಾ ಇರಲಿ ಎಂದೂ ಆದೇಶಿಸಿದರು. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಸರ್ಕಾರದ ಮೇಲೆ ರಿಟ್ ಹಾಕಬೇಕಾದರೆ ಹೋಗುವುದು ಇದೇ ಪೀಠಕ್ಕೆ.